ಕಿವಿಯಿಂದ ಕಲಿತ ವಾದ್ಯ, ಕಣ್ಣಿನಿಂದ ಕಲಿತ ಭಾಷೆ: ಎರಡೂ ಅರ್ಧ ದಾರಿಯಲ್ಲಿ ನಿಂತಿವೆ

ಕಮಾನು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ನುಡಿಸುತ್ತಿದ್ದೇನೆ ಮತ್ತು ಎರಡು ವರ್ಷಗಳಿಂದ ಜಪಾನೀ ಭಾಷೆ ಕಲಿಯುತ್ತಿದ್ದೇನೆ. ಎರಡರಲ್ಲೂ ಈಗ ಮುಂದೆ ಹೋಗಲಾಗುತ್ತಿಲ್ಲ, ಮತ್ತು ಎರಡೂ ನಿಂತಿರುವ ಬಗೆ ಒಂದಕ್ಕೊಂದು ತದ್ವಿರುದ್ಧವಾಗಿದೆ.

ಪಿಟೀಲನ್ನು ನಾನು ಪೂರ್ತಿ ಪಾಠಾಂತರದಲ್ಲಿ ಕಲಿತೆ. ಗುರುಗಳು ಒಂದು ಸಾಲು ನುಡಿಸುತ್ತಾರೆ, ನಾನು ಅದನ್ನು ಹಿಂದಿರುಗಿಸಿ ನುಡಿಸುತ್ತೇನೆ. ಅದು ಸರಿಬರುವ ತನಕ ಎರಡನೆಯ ಸಾಲಿನ ಮಾತೇ ಇಲ್ಲ. ಹೀಗೆ ಕಲಿತದ್ದು ಯಾವುದೂ ಮರೆತುಹೋಗಿಲ್ಲ. ಆದರೆ ಕೇಳಿಯೇ ಇರದ ಒಂದು ಕೃತಿಯ ಸ್ವರಲಿಪಿಯನ್ನು ಮುಂದಿಟ್ಟರೆ, ಅಕ್ಷರ ಕೂಡಿಸಿ ಓದುವ ಮಗುವಿನಂತೆ ಒಂದೊಂದೇ ಸ್ವರವನ್ನು ತಂತಿಯ ಮೇಲೆ ಹುಡುಕುತ್ತಾ ಕೂರುತ್ತೇನೆ. ಜಪಾನೀ ಭಾಷೆಯನ್ನು ಪುಸ್ತಕದಿಂದಲೇ ಆರಂಭಿಸಿದೆ. ಹಿರಗಾನ ಮತ್ತು ಕಟಕಾನಗಳ ತಲಾ 46 ಮೂಲಾಕ್ಷರಗಳು ಮೊದಲ ತಿಂಗಳಿನಲ್ಲೇ ಬಂದವು. ದಿನಬಳಕೆಗೆಂದು ನಿಗದಿಪಡಿಸಿರುವ 2136 ಕಾಂಜಿಗಳಲ್ಲಿ (ಚೀನೀ ಮೂಲದ ಅಕ್ಷರಗಳಲ್ಲಿ) ಸುಮಾರು 700 ಈಗ ನನಗೆ ಗೊತ್ತು. ಸರಳವಾದ ಪುಟವನ್ನು ನಿಘಂಟಿಲ್ಲದೆ ಓದುತ್ತೇನೆ. ಅದೇ ಪುಟವನ್ನು ಯಾರಾದರೂ ಸಹಜ ವೇಗದಲ್ಲಿ ಓದಿ ಹೇಳಿದರೆ ಎರಡನೆಯ ವಾಕ್ಯಕ್ಕೇ ಎಳೆ ತಪ್ಪುತ್ತದೆ.

ವಾದ್ಯವನ್ನೋ ಭಾಷೆಯನ್ನೋ ಕಲಿಯುವಾಗ ಕಿವಿ ಮೊದಲಾಗಬೇಕೋ ಲಿಪಿ ಮೊದಲಾಗಬೇಕೋ? ನೀವು ಯಾವ ವಾದ್ಯ ನುಡಿಸುತ್ತೀರಿ, ಯಾವ ಭಾಷೆ ಕಲಿತಿದ್ದೀರಿ, ಹೇಗೆ ಕಲಿತಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ತಕಧಿಮಿ

ಕಿವಿ ಮೊದಲು, ಕಿವಿಯ ಜೊತೆಗೇ ಬಾಯಿ. ಇದರಲ್ಲಿ ನನಗೆ ಸಂಶಯವಿಲ್ಲ.

ನಾನು ತಬಲಾ ಕಲಿತವನು. ಬಾಯಲ್ಲಿ ಬಾರದ್ದು ಕೈಯಲ್ಲಿ ಬಾರದು ಎಂಬುದು ನಮ್ಮ ಮೊದಲ ಪಾಠವಾಗಿತ್ತು. ತೀನ್‌ತಾಲದ 16 ಮಾತ್ರೆಗಳನ್ನು ವಾರಗಟ್ಟಲೆ ಬರಿಯ ಬಾಯಲ್ಲಿ ಹೇಳಿಸಿದರು: ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಕಾಗದದ ಮೇಲೆ ನೋಡಿದರೆ ಇದು ನಾಲ್ಕು ನಾಲ್ಕರ ಗುಂಪು, ಅಷ್ಟೇ. ಬಾಯಲ್ಲಿ ಹೇಳಿದಾಗ ಮಾತ್ರ ಹತ್ತನೆಯ ಮಾತ್ರೆಯಿಂದ ಹದಿಮೂರನೆಯ ಮಾತ್ರೆಯವರೆಗೆ ಎಡಗೈಯ ಗುಂಗು ಇಲ್ಲವಾಗುವುದೂ, ಹದಿನಾಲ್ಕಕ್ಕೆ ಅದು ಮರಳಿ ಬಂದು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಹತ್ತಿರವಾಯಿತೆಂದು ಸೂಚಿಸುವುದೂ ತಿಳಿಯುತ್ತದೆ. ಆ ನಾಲ್ಕು ಮಾತ್ರೆಗಳ ಖಾಲಿತನವನ್ನು ಕೇಳಿಸಿಕೊಳ್ಳದವನಿಗೆ ತಾಳದಲ್ಲಿ ತಾನು ಎಲ್ಲಿದ್ದೇನೆ ಎಂಬುದು ಎಂದಿಗೂ ಗೊತ್ತಾಗುವುದಿಲ್ಲ.

ಸ್ಪ್ಯಾನಿಷ್ ಭಾಷೆಯನ್ನೂ ಹೀಗೆಯೇ ಕಲಿತೆ. ಧ್ವನಿಮುದ್ರಿಕೆಯಲ್ಲಿ ಒಬ್ಬರು ಮಾತನಾಡುತ್ತಿರುವಾಗಲೇ ಅರ್ಧ ಕ್ಷಣ ಹಿಂದಿನಿಂದ ಅದೇ ಮಾತನ್ನು ಹೇಳುತ್ತಾ ಹೋಗುವುದು ನನ್ನ ಅಭ್ಯಾಸ. ‘ಪೆರೊ’ ಎಂದರೆ ‘ಆದರೆ’, ರಕಾರವನ್ನು ಗಡಗಡನೆ ಉರುಳಿಸಿದ ‘ಪೆರ್‍ರೊ’ ಎಂದರೆ ‘ನಾಯಿ’. ಬರಹದಲ್ಲಿ ಇವುಗಳ ನಡುವೆ ಒಂದಕ್ಷರದ ವ್ಯತ್ಯಾಸವಿದೆ; ಅದು ನನಗೆ ನಿಜವಾಗಿ ದಕ್ಕಿದ್ದು ನಾಲಿಗೆ ಆ ಕೆಲಸವನ್ನು ಮಾಡಿದ ದಿನ.

ಪದಕೋಶ

ತಕಧಿಮಿ ಅವರ ಮಾತು ಅರ್ಧ ಸತ್ಯ ಎಂದು ನನ್ನ ಅಭಿಪ್ರಾಯ. ನನಗೆ ಯಾವ ವಾದ್ಯವೂ ಬಾರದು. ಭಾಷೆಗಳ ಬಗ್ಗೆ ಮಾತ್ರ ಹೇಳುತ್ತೇನೆ.

ನಾನು ತಮಿಳನ್ನು ಸುತ್ತಲಿನವರ ಮಾತು ಕೇಳಿ ಕಲಿತೆ. ಮೂರು ವರ್ಷವಾದರೂ ಶಬ್ದಗಳು ಒಂದೊಂದಾಗಿಯೇ ಬರುತ್ತಿದ್ದವು, ಒಂದೊಂದನ್ನೂ ಬೇರೆಯಾಗಿ ನೆನಪಿಡಬೇಕಾಗಿತ್ತು. ಲಿಪಿ ಕಲಿತು, ಒಂದು ಹಾಳೆಯ ಎಡಕ್ಕೆ ತಮಿಳು, ಬಲಕ್ಕೆ ಕನ್ನಡ ಎಂದು ಬರೆಯತೊಡಗಿದ ಮೇಲೆ ಕಣ್ಣು ತೆರೆಯಿತು. ಪಾಲ್, ಹಾಲು. ಪುಲಿ, ಹುಲಿ. ಪಲ್, ಹಲ್ಲು. ಪತ್ತು, ಹತ್ತು. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಅವರಲ್ಲಿ ಉಳಿಯಿತು. ಅವರ ‘ಏಳು’ ನನ್ನ ‘ಏಳು’ವಿಗಿಂತ ಬೇರೆಯಾಗಿ ಕೇಳಿಸುವುದಕ್ಕೂ ಕಾರಣ ಸಿಕ್ಕಿತು: ಅದು ಹಳಗನ್ನಡದಲ್ಲಿದ್ದು ನಾವು ಬಿಟ್ಟುಬಿಟ್ಟ ‘ೞ’. ಹಳಗನ್ನಡದ ‘ಪೊೞ್ತು’ ನಮ್ಮ ‘ಹೊತ್ತು’ ಆಗಿದೆ, ತಮಿಳಿನಲ್ಲಿ ಇಂದಿಗೂ ‘ಪೊೞುದು’ ಇದೆ. ಒಂದು ಸಂಜೆಯಲ್ಲಿ ನೂರಾರು ಶಬ್ದಗಳು ಒಟ್ಟಿಗೆ ನನ್ನವಾದವು. ಇದನ್ನು ಕಿವಿ ನನಗೆ ಕೊಟ್ಟಿರಲಿಲ್ಲ, ಹಾಳೆ ಕೊಟ್ಟಿತು.

ತಕಧಿಮಿ

ಪದಕೋಶ ಅವರೇ, ಹಾಳೆಯ ಮೇಲೆ ಜೋಡಿಸಲು ಮೂರು ವರ್ಷಗಳ ಶಬ್ದಗಳು ನಿಮ್ಮ ಕಿವಿಯಲ್ಲಿ ಮೊದಲೇ ಇದ್ದವಲ್ಲ. ನಾನು ಹೇಳಿದ ಕ್ರಮವೂ ಅದೇ.

ಪದಕೋಶ

ಕ್ರಮ ಅದೇ ಇರಬಹುದು. ಆದರೆ ಕಿವಿಯೊಂದೇ ಸಾಕೆಂಬ ಧ್ವನಿ ನಿಮ್ಮ ಬರಹದಲ್ಲಿತ್ತು, ನಾನು ಒಪ್ಪದಿರುವುದು ಅದನ್ನು.

ಏಳುತಂತಿ

ವೀಣೆಯ ಕಡೆಯಿಂದ ಒಂದು ಮಾತು. ನನ್ನ ವಾದ್ಯದಲ್ಲಿ 24 ಮೆಟ್ಟುಗಳಿವೆ. ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಮೆಟ್ಟುಗಳನ್ನು ನೋಡಿದವರು ಸ್ವರಗಳೆಲ್ಲ ಅಲ್ಲಿ ಸಿದ್ಧವಾಗಿ ಕುಳಿತಿವೆ ಎಂದುಕೊಳ್ಳುತ್ತಾರೆ. ತೋಡಿ ರಾಗದ ಗಾಂಧಾರವನ್ನು ತೆಗೆದುಕೊಳ್ಳಿ. ಸ್ವರಲಿಪಿಯಲ್ಲಿ ಅದು ‘ಗ’ ಎಂಬ ಒಂದಕ್ಷರ. ಆ ಮೆಟ್ಟಿನ ಮೇಲೆ ಬೆರಳನ್ನು ಸ್ಥಿರವಾಗಿಟ್ಟು ಮೀಟಿದರೆ ಬರುವುದು ತೋಡಿಯಲ್ಲ. ಆ ಸ್ವರ ರಿಷಭ ಮತ್ತು ಮಧ್ಯಮಗಳ ನಡುವೆ ತೂಗಬೇಕು, ಆ ತೂಗಾಟದಲ್ಲೇ ರಾಗವಿದೆ. ಎಷ್ಟು ತೂಗಬೇಕು, ಯಾವ ವೇಗದಲ್ಲಿ, ಎಲ್ಲಿ ಒಂದು ಕ್ಷಣ ನಿಲ್ಲಬೇಕು ಎಂಬುದನ್ನು ಬರೆದು ತಿಳಿಸಲು ನಾನು ಪಟ್ಟ ಪ್ರಯತ್ನಗಳೆಲ್ಲ ವ್ಯರ್ಥವಾಗಿವೆ.

ಚೀನೀ ಭಾಷೆ ಕಲಿಯುವಾಗ ಇದೇ ಅನುಭವ ಮರುಕಳಿಸಿತು. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಭಾರಗಳಿವೆ (ಅಕ್ಷರವನ್ನು ಉಚ್ಚರಿಸುವಾಗ ದನಿ ಏರಿಳಿಯುವ ಬಗೆಗಳು), ಭಾರವಿಲ್ಲದ ಒಂದು ಬಗೆಯೂ ಇದೆ. ಪಠ್ಯಪುಸ್ತಕದಲ್ಲಿ ಮೂರನೆಯದು ಕೆಳಗಿಳಿದು ಮೇಲೇರುವ ಗೆರೆ. ಆದರೆ ಮೂರನೆಯ ಭಾರದ ಎರಡು ಅಕ್ಷರಗಳು ಒಟ್ಟಿಗೆ ಬಂದರೆ ಮೊದಲನೆಯದು ಎರಡನೆಯ ಭಾರಕ್ಕೆ ತಿರುಗುತ್ತದೆ. ‘ನಿ ಹಾವ್’ ಎಂಬ ನಮಸ್ಕಾರದಲ್ಲೇ ಇದು ಆಗುತ್ತದೆ: ಬರೆಯುವುದು ಮೂರು ಮತ್ತು ಮೂರು, ಹೇಳುವುದು ಎರಡು ಮತ್ತು ಮೂರು. ಗಮಕವನ್ನು, ಅಂದರೆ ಸ್ವರವನ್ನು ಹೀಗೆ ತೂಗಿಸುವುದನ್ನು, ಅಭ್ಯಾಸ ಮಾಡಿದ್ದ ನನಗೆ ಇದು ವಿಚಿತ್ರವೆನಿಸಲಿಲ್ಲ. ಬರೆದ ಸ್ವರ ಮತ್ತು ನುಡಿಯುವ ಸ್ವರ ಬೇರೆಯಾಗಿರಬಹುದು, ಪಕ್ಕದ ಸ್ವರ ಅದನ್ನು ಬದಲಿಸಬಹುದು ಎಂಬುದನ್ನು ವೀಣೆ ನನಗೆ ಮೊದಲೇ ಕಲಿಸಿತ್ತು.

ಬಿಳಿಕಟ್ಟೆಕರಿಕಟ್ಟೆ

ಕಮಾನು ಅವರೇ, ನನ್ನ ಸ್ಥಿತಿ ನಿಮ್ಮದರ ತಿರುಗುಮುರುಗು. ಹನ್ನೊಂದು ವರ್ಷ ಪಿಯಾನೋ ನುಡಿಸಿದ್ದೇನೆ, ಐದು ಗೆರೆಗಳ ಸ್ವರಲಿಪಿಯನ್ನು ದಿನಪತ್ರಿಕೆಯಂತೆ ಓದುತ್ತೇನೆ. ಹಾಳೆ ತೆಗೆದರೆ ಬೆರಳುಗಳು ನಿಲ್ಲುತ್ತವೆ. ಫ್ರೆಂಚ್ ಭಾಷೆಯನ್ನು ಮಾತ್ರ ಸಹೋದ್ಯೋಗಿಗಳ ಜೊತೆ ಮಾತನಾಡುತ್ತಲೇ ಕಲಿತೆ, ಅದನ್ನು ಬರೆಯಲು ಇಂದಿಗೂ ಹೆದರುತ್ತೇನೆ. ‘ನಾನು ಮಾತನಾಡುತ್ತೇನೆ’, ‘ನೀನು ಮಾತನಾಡುತ್ತೀಯೆ’, ‘ಅವರು ಮಾತನಾಡುತ್ತಾರೆ’ ಎಂಬ ಮೂರಕ್ಕೂ ಕ್ರಿಯಾಪದ ಕಿವಿಗೆ ‘ಪಾರ್ಲ್’ ಎಂದೇ ಬೀಳುತ್ತದೆ. ಬರಹದಲ್ಲಿ ಮೂರಕ್ಕೂ ಬೇರೆ ಬೇರೆ ಕೊನೆಗಳಿವೆ. ಕನ್ನಡದಲ್ಲಿ ಬೆಳೆದವರು ಬರೆದದ್ದನ್ನೆಲ್ಲ ಉಚ್ಚರಿಸುತ್ತೇವೆ ಎಂದು ನಂಬಿರುತ್ತೇವೆ, ಆದ್ದರಿಂದ ಈ ಪೆಟ್ಟು ನಮಗೆ ಹೆಚ್ಚಾಗಿ ತಾಗುತ್ತದೆ.

ಊದುಗೊಳಲು

ಹಾರ್ಮೋನಿಯಂ ಅಥವಾ ಪಿಯಾನೋದಿಂದ ಆರಂಭಿಸಿದವರ ಕಿವಿ ಕೆಡುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಅಲ್ಲಿ ಸ್ವರಗಳು ಸ್ಥಿರ, ಜಾರುವಂತಿಲ್ಲ, ತೂಗುವಂತಿಲ್ಲ.

ಭಾತೆ

ಊದುಗೊಳಲು ಅವರೇ, ಈ ಮಾತನ್ನು ಇಷ್ಟು ಸುಲಭವಾಗಿ ಹೇಳಿಬಿಡಬಾರದು. ನಾನು ಹಾರ್ಮೋನಿಯಂ ವಾದಕ. ನೀವು ಹೇಳುವ ದೋಷ ನಿಜ: ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಶ್ರುತಿಯಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ (ಅಂಥ ಒಂದು ಭಾಗದ ನೂರನೆಯ ಒಂದು ಪಾಲು ಒಂದು ಸೆಂಟ್) ದೂರದಲ್ಲಿರುತ್ತದೆ, ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಸುವ ಗಾಂಧಾರ ಸುಮಾರು 386ರಲ್ಲಿದೆ, ಮತ್ತು ಆ 14 ಸೆಂಟ್‌ಗಳು ತಂಬೂರಿಯ ಪಕ್ಕದಲ್ಲಿ ಚುಚ್ಚುತ್ತವೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ಕೇಳಿಬಂದ ಆಕ್ಷೇಪಗಳಲ್ಲಿ ಇದೂ ಒಂದು. ಆ ನಿಷೇಧ ಸಡಿಲವಾಗಲು 1971 ಆಗಬೇಕಾಯಿತು. ಆದರೆ ಹಾಡಲು ಹೆದರುತ್ತಿದ್ದ ನನಗೆ ಒಂದು ಸ್ವರದ ಆಸರೆ ಕೊಟ್ಟದ್ದು ಈ ವಾದ್ಯವೇ. ಒಂದು ಭಾಷೆಯನ್ನು ಮೊದಲು ಪಠ್ಯಪುಸ್ತಕದ ಗಟ್ಟಿಯಾದ ವಾಕ್ಯಗಳಲ್ಲಿ ಕಲಿತವರು ಆಮೇಲೆ ಆಡುಮಾತಿಗೆ ಬರುವುದಿಲ್ಲವೇ? ಅವರ ಕಿವಿ ಕೆಟ್ಟಿತೆಂದು ನಾವು ಹೇಳುವುದಿಲ್ಲ.

ಊದುಗೊಳಲು

‘ಕೆಡುತ್ತದೆ’ ಎಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ತಡವಾಗುತ್ತದೆ ಎನ್ನೋಣ.

ನನ್ನ ಅನುಭವವನ್ನೂ ಬರೆಯುತ್ತೇನೆ. ನಾನು ಮೊದಲು ಎಂಟು ರಂಧ್ರಗಳ ಕರ್ನಾಟಕ ಕೊಳಲು ಕಲಿತು, ಹತ್ತು ವರ್ಷಗಳ ನಂತರ ಆರು ರಂಧ್ರಗಳ ಬಾನ್ಸುರಿಗೆ ಬಂದೆ. ಗೊತ್ತಿರುವ ವಾದ್ಯವೆಂಬ ಧೈರ್ಯವೇ ನನ್ನನ್ನು ಬೀಳಿಸಿತು. ಮೊದಲಿನದರಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ, ಎರಡನೆಯದರಲ್ಲಿ ಮೂರು ಮುಚ್ಚಿದರೆ ಷಡ್ಜ. ಕಿವಿ ಷಡ್ಜವನ್ನು ಬಯಸುತ್ತಿತ್ತು, ಬೆರಳು ಹಳೆಯ ಮನೆಗೇ ಓಡುತ್ತಿತ್ತು. ಕೊಳಲಿನ ಗಂಧವೇ ಇಲ್ಲದ ಹೊಸಬರು ಆರು ತಿಂಗಳಲ್ಲಿ ನನ್ನನ್ನು ದಾಟಿ ಹೋದರು.

ವಿಭಕ್ತಿ

ಊದುಗೊಳಲು ಅವರು ಹೇಳಿದ ಈ ‘ಹಳೆಯ ಮನೆ’ ಭಾಷೆಯಲ್ಲಿ ಇನ್ನೂ ಅಪಾಯಕಾರಿ. ನಾನು ಸಂಸ್ಕೃತ ಓದಿಕೊಂಡು ಹಿಂದಿಗೆ ಬಂದವಳು. ಸಂಸ್ಕೃತದ ಶಬ್ದಗಳೆಲ್ಲ ಗೊತ್ತಿರುವುದರಿಂದ ಹಿಂದಿ ಅರ್ಧ ಬಂದಂತೆಯೇ ಎಂದುಕೊಂಡಿದ್ದೆ. ಒಳ್ಳೆಯ ಕೆಲಸವೊಂದಕ್ಕೆ ನನ್ನನ್ನು ಆರಿಸಿದ ದಿನ ‘ಮುಝೆ ಅವಕಾಶ್ ಮಿಲಾ ಹೈ’ ಎಂದು ಸಂತೋಷದಿಂದ ಹೇಳಿದೆ. ಎದುರಿಗಿದ್ದವರು ಎಷ್ಟು ದಿನ ಎಂದು ಕೇಳಿದರು. ಹಿಂದಿಯಲ್ಲಿ ‘ಅವಕಾಶ್’ ಎಂದರೆ ರಜೆ. ‘ಶಿಕ್ಷಾ’ ಅಲ್ಲಿ ವಿದ್ಯಾಭ್ಯಾಸ, ನಮ್ಮಲ್ಲಿ ಶಿಕ್ಷೆ ದಂಡನೆ. ‘ಉಪನ್ಯಾಸ್’ ಅಲ್ಲಿ ಕಾದಂಬರಿ, ನಮ್ಮಲ್ಲಿ ವೇದಿಕೆಯ ಮೇಲೆ ಮಾಡುವ ಭಾಷಣ. ‘ಸಂಸಾರ್’ ಅಲ್ಲಿ ಇಡೀ ಜಗತ್ತು, ನಮ್ಮಲ್ಲಿ ಹೆಂಡತಿ ಮಕ್ಕಳ ಮನೆ. ‘ಚೇಷ್ಟಾ’ ಅಲ್ಲಿ ಗಂಭೀರವಾದ ಪ್ರಯತ್ನ, ನಮ್ಮಲ್ಲಿ ಮಕ್ಕಳ ತುಂಟತನ. ಲಿಪಿಯಲ್ಲಿ ನೋಡಿದರೆ ಇವೆಲ್ಲ ಪರಿಚಿತ ಮುಖಗಳು, ಆದ್ದರಿಂದಲೇ ಮೋಸ ಹೋಗುತ್ತೇವೆ. ಆಡುವವರ ಬಾಯಿಂದ, ಆಡುವ ಸಂದರ್ಭದಲ್ಲಿ ಕೇಳಿದಾಗ ಮಾತ್ರ ತಿದ್ದಿಕೊಳ್ಳುತ್ತೇವೆ.

ಇನ್ನು ಲಿಂಗದ ವಿಷಯ. ಕನ್ನಡದಲ್ಲಿ ಪುಸ್ತಕವೂ ಮನೆಯೂ ನಪುಂಸಕ, ಯೋಚಿಸಬೇಕಾದದ್ದು ಏನೂ ಇಲ್ಲ. ಹಿಂದಿಯಲ್ಲಿ ‘ಕಿತಾಬ್’ ಸ್ತ್ರೀಲಿಂಗ, ‘ಮಕಾನ್’ ಪುಲ್ಲಿಂಗ. ಪಟ್ಟಿ ಬರೆದು ಬಾಯಿಪಾಠ ಮಾಡಿ ಸೋತೆ. ‘ಮೇರೀ ಕಿತಾಬ್’ ಎಂದು ಎರಡು ಶಬ್ದಗಳನ್ನು ಒಂದೇ ಶಬ್ದವೆಂಬಂತೆ ಕೇಳಿ ಕೇಳಿ ಹೇಳತೊಡಗಿದ ಮೇಲೆ ತಪ್ಪು ಕಡಿಮೆಯಾಯಿತು.

ತಡವಾಗಿಬಂದವ

ನಡುವೆ ಒಂದು ಪ್ರಶ್ನೆ ಕೇಳಬಹುದೇ? ನನಗೆ 58 ವರ್ಷ. ಈ ವರ್ಷ ವೀಣೆ ಆರಂಭಿಸಬೇಕೆಂದಿದ್ದೇನೆ. ಈ ವಯಸ್ಸಿನಲ್ಲಿ ಕಿವಿ ಪಳಗುತ್ತದೆಯೇ, ಅಥವಾ ಪುಸ್ತಕವನ್ನೇ ನೆಚ್ಚಿಕೊಳ್ಳಬೇಕೇ?

ಪದಕೋಶ

ಕಿವಿಗೆ ವಯಸ್ಸಿನ ಪರಿಣಾಮವಿರುವುದು ನಿಜ, ಮತ್ತು ಅದು ನಾವು ಊಹಿಸುವುದಕ್ಕಿಂತ ಬಹಳ ಬೇಗ ಆರಂಭವಾಗುತ್ತದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮಾತಿನ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತಕಾರ ಮತ್ತು ಟಕಾರಗಳ ಭೇದವನ್ನು ಗುರುತಿಸುತ್ತಿದ್ದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಅಂಥ ಮನೆಗಳ ಹೆಚ್ಚಿನ ಮಕ್ಕಳಲ್ಲಿ ಆ ಶಕ್ತಿ ಕುಗ್ಗಿತ್ತು. ಹಾಗೆ ನೋಡಿದರೆ ಇಲ್ಲಿರುವ ನಾವೆಲ್ಲರೂ ತಡವಾಗಿ ಬಂದವರೇ. 58ಕ್ಕೂ 28ಕ್ಕೂ ಈ ಒಂದು ವಿಷಯದಲ್ಲಿ ದೊಡ್ಡ ಅಂತರವಿಲ್ಲ. ದಯವಿಟ್ಟು ಆರಂಭಿಸಿ.

ಏಳುತಂತಿ

ನಾನು ವೀಣೆ ಹಿಡಿದದ್ದು 51ರಲ್ಲಿ. ಕಿವಿಗಿಂತ ಮೊದಲು ದೂರು ಹೇಳುವುದು ಎಡಗೈಯ ತೋರುಬೆರಳು ಮತ್ತು ನಡುಬೆರಳು. ತಂತಿ ಒತ್ತಿ ಎಳೆಯುವ ಜಾಗದಲ್ಲಿ ಗೆರೆ ಬಿದ್ದು, ಉರಿದು, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆ ವಾರಗಳಲ್ಲಿ ದಿನಕ್ಕೆ ಹತ್ತು ಹತ್ತು ನಿಮಿಷಗಳ ಮೂರು ಸರದಿ ಸಾಕು. ಮಾಯಾಮಾಳವಗೌಳ ರಾಗದ ಸರಳೆಯನ್ನು, ಅಂದರೆ ಮೊದಲ ಸ್ವರಪಾಠವನ್ನು, ಮೊದಲು ಹಾಡಿ, ಆಮೇಲೆ ನುಡಿಸಿ. ಹಾಡಲು ಬಾರದು ಎನ್ನಬೇಡಿ, ಗುನುಗಿದರೂ ಸಾಕು.

ಮೌನವಾಚಕ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಕಿವಿ, ಕಿವಿ ಎನ್ನುತ್ತಿದ್ದೀರಿ. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳಿಗಾಗಿ ನಾನು ಸನ್ನೆ ಭಾಷೆ ಕಲಿತೆ. ಅದು ಮಾತಿನ ಭಾಷೆಯೊಂದರ ಕೈಯನುವಾದವಲ್ಲ, ತನ್ನದೇ ವ್ಯಾಕರಣವಿರುವ ಪೂರ್ಣ ಭಾಷೆ. ಕೈಯ ಆಕಾರ, ಕೈ ಇರುವ ಜಾಗ, ಚಲನೆಯ ದಿಕ್ಕು, ಮುಖದ ಭಾವ ಇವುಗಳಲ್ಲಿ ಒಂದು ಬದಲಾದರೂ ಅರ್ಥ ಬದಲಾಗುತ್ತದೆ. ಮೊದಮೊದಲು ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ, ಪ್ರಶ್ನೆಗಳೆಲ್ಲ ನನಗೆ ಹೇಳಿಕೆಗಳಂತೆ ಕಾಣುತ್ತಿದ್ದವು. ನನ್ನ ಗಲ್ಲ ಹಿಡಿದು ಮುಖ ಎತ್ತಿಸಿ, ತನ್ನ ಹುಬ್ಬುಗಳನ್ನು ತೋರಿಸಿದಳು. ಪ್ರಶ್ನೆ ಅಲ್ಲಿತ್ತು.

ನಾನು ಗಿಟಾರ್ ನುಡಿಸುವಾಗ ಅವಳು ಅದರ ಮರದ ಮೈಮೇಲೆ ಅಂಗೈ ಇಟ್ಟು ಕೂರುತ್ತಾಳೆ. ಆರು ತಂತಿಗಳಲ್ಲಿ ಕೆಳಸ್ಥಾಯಿಯ ಮೂರರಲ್ಲಿ ಯಾವುದನ್ನು ಮೀಟಿದೆನೆಂದು ಹೇಳುತ್ತಾಳೆ, ತಾಳ ತಪ್ಪಿದರೆ ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಸ್ಕಾಟ್ಲೆಂಡಿನ ತಾಳವಾದ್ಯಗಾರ್ತಿ ಎವಲಿನ್ ಗ್ಲೆನಿ ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಶ್ರವಣಶಕ್ತಿಯನ್ನು ಬಹುಪಾಲು ಕಳೆದುಕೊಂಡವರು. ಕಂಪನ ಮೈಗೆ ತಾಗಲೆಂದು ಬರಿಗಾಲಿನಲ್ಲಿ ನಿಂತು ನುಡಿಸುತ್ತಾರೆ. ಆದ್ದರಿಂದ ಕಿವಿ ಮೊದಲು ಎಂಬುದನ್ನು ನಿಯಮವನ್ನಾಗಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತಕಧಿಮಿ

ಮೌನವಾಚಕ ಅವರೇ, ನಿಮ್ಮ ಮಾತನ್ನು ಒಪ್ಪುತ್ತೇನೆ. ನಾನು ಕಿವಿ ಎಂದದ್ದು ಇಂದ್ರಿಯವೊಂದನ್ನು ಕುರಿತಲ್ಲ, ಎದುರಿಗಿರುವ ಮನುಷ್ಯರಿಂದ ನೇರವಾಗಿ ಪಡೆಯುವುದನ್ನು ಕುರಿತು ಎಂದು ಈಗ ಅನ್ನಿಸುತ್ತಿದೆ. ಅದನ್ನು ಮೊದಲೇ ಸ್ಪಷ್ಟವಾಗಿ ಬರೆಯಬೇಕಿತ್ತು.

ಭಾತೆ

ಇದೇ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಲಿಪಿ ಎಂದರೆ ಕಣ್ಣೇ ಆಗಬೇಕಿಲ್ಲ. ಲೂಯಿ ಬ್ರೈಲ್ ಸ್ವತಃ ಆರ್ಗನ್ ವಾದಕರಾಗಿದ್ದರು. 1829ರಲ್ಲಿ ಅವರು ಪ್ರಕಟಿಸಿದ ಚುಕ್ಕಿಗಳ ಪದ್ಧತಿಯಲ್ಲಿ ಅಕ್ಷರಗಳ ಜೊತೆಗೆ ಸಂಗೀತವನ್ನು ಬರೆಯುವ ಕ್ರಮವೂ ಇತ್ತು. ನಮ್ಮ ಪುಟ್ಟರಾಜ ಗವಾಯಿಗಳನ್ನು ನೆನೆಯದೆ ಈ ಚರ್ಚೆ ಪೂರ್ಣವಾಗದು: ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರು ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮುಂತಾದ ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಕೃತಿಗಳನ್ನು ರಚಿಸಿದರು.

ವಿಭಕ್ತಿ

ಕಮಾನು ಅವರ ಮೂಲ ಪ್ರಶ್ನೆಗೆ ಇನ್ನೂ ಯಾರೂ ಉಪಾಯ ಹೇಳಿಲ್ಲ. ನನಗೆ ಫಲ ಕೊಟ್ಟದ್ದನ್ನು ಬರೆಯುತ್ತೇನೆ. ಗೊತ್ತಿಲ್ಲದ ಕೃತಿಯ ಸ್ವರಲಿಪಿಯನ್ನು ಸದ್ಯಕ್ಕೆ ಬದಿಗಿಡಿ. ಕೈಗೆ ಪೂರ್ತಿ ಬಂದಿರುವ ಒಂದು ವರ್ಣವನ್ನು (ಅಭ್ಯಾಸಕ್ಕೆ ಕಲಿಸುವ ರಚನೆಯನ್ನು) ತೆಗೆದುಕೊಂಡು, ಯಾವ ಪುಸ್ತಕವನ್ನೂ ನೋಡದೆ ಅದರ ಸ್ವರಗಳನ್ನು ನೀವೇ ಬರೆಯಿರಿ. ಜಪಾನೀ ಭಾಷೆಯಲ್ಲಿ ಹೊಸ ಧ್ವನಿಮುದ್ರಿಕೆ ಬೇಡ. ಹತ್ತು ಸಲ ಓದಿ ಅರ್ಥವಾಗಿರುವ ಪುಟದ ಧ್ವನಿಮುದ್ರಿಕೆಯನ್ನು ಹುಡುಕಿ, ಪುಸ್ತಕ ಮುಚ್ಚಿ ಕೇಳಿ, ಕೇಳಿದ್ದನ್ನು ಹಿರಗಾನದಲ್ಲಿ ಬರೆದುಕೊಳ್ಳಿ. ಆಮೇಲೆ ಪುಸ್ತಕ ತೆರೆದು ಹೋಲಿಸಿ. ವಾಕ್ಯದ ಕಟ್ಟು ನಿಮಗೆ ತೊಡಕಾಗದು, ‘ವಾತಾಶಿ ವಾ ಹೋನ್ ಓ ಯೋಮಿಮಾಸು’ ಎಂಬುದು ‘ನಾನು ಪುಸ್ತಕವನ್ನು ಓದುತ್ತೇನೆ’ ಎಂಬ ಕ್ರಮದಲ್ಲೇ ನಡೆಯುತ್ತದೆ, ನಮ್ಮ ‘ಅನ್ನು’ ಬರುವಲ್ಲಿ ಅವರ ‘ಓ’ ಬರುತ್ತದೆ. ನಿಮ್ಮ ತೊಡಕು ಶಬ್ದಗಳ ಧ್ವನಿಯಲ್ಲೇ ಇದೆ.

ಕಮಾನು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವಿಭಕ್ತಿ ಅವರು ಹೇಳಿದಂತೆಯೇ ಮಾಡಿದೆ.

ಮೋಹನ ರಾಗದ ವರ್ಣವನ್ನು ಬರೆಯಲು ಕುಳಿತೆ. ನಾಲ್ಕು ಸಂಜೆ ಹಿಡಿಯಿತು. ಅನುಪಲ್ಲವಿಯ ಒಂದು ಕಡೆ ಧೈವತ ಎಂದು ಬರೆದು, ಬರೆದದ್ದನ್ನು ಬರೆದಂತೆಯೇ ನುಡಿಸಿದರೆ ಅದು ನನ್ನ ವರ್ಣದಂತೆ ಕೇಳಿಸಲಿಲ್ಲ. ಕಮಾನನ್ನು ಬಹಳ ನಿಧಾನವಾಗಿ ಎಳೆದು ನನ್ನ ಬೆರಳನ್ನು ನಾನೇ ಗಮನಿಸಿದೆ. ಪ್ರತಿ ಸಲವೂ ಅದು ಮೇಲಿನ ಷಡ್ಜವನ್ನು ಕ್ಷಣಮಾತ್ರ ಸೋಕಿ ಧೈವತಕ್ಕೆ ಜಾರುತ್ತಿತ್ತು. ಐದು ವರ್ಷಗಳಿಂದ ಆ ಷಡ್ಜವನ್ನು ನುಡಿಸುತ್ತಿದ್ದರೂ ಅದು ಅಲ್ಲಿದೆಯೆಂದು ನನಗೆ ತಿಳಿದಿರಲಿಲ್ಲ.

ಜಪಾನೀ ಭಾಷೆಯಲ್ಲಿ ಸಿಕ್ಕಿದ್ದು ಇನ್ನೂ ಚಿಕ್ಕ ವಿಷಯ. ‘ದೆಸು’, ‘ಸುಕಿ’ ಎಂದು ನಾನು ಓದುತ್ತಿದ್ದ ಶಬ್ದಗಳು ಬಾಯಲ್ಲಿ ‘ದೆಸ್’, ‘ಸ್ಕಿ’ ಎಂಬಂತೆ ಬರುತ್ತವೆ; ಉಕಾರ ಉಸಿರಾಗಿಬಿಡುತ್ತದೆ. ಬರಹದಲ್ಲಿ ಕಂಡ ಆ ಉಕಾರವನ್ನು ನಾನು ಪ್ರತಿ ಶಬ್ದದಲ್ಲೂ ಕಾಯುತ್ತಿದ್ದೆ, ಕಾಯುವಷ್ಟರಲ್ಲಿ ವಾಕ್ಯ ಮುಗಿದುಹೋಗುತ್ತಿತ್ತು. ಈಗ ಅದೇ ಪುಟದ ಧ್ವನಿಮುದ್ರಿಕೆಯಲ್ಲಿ ಆರೇಳು ವಾಕ್ಯಗಳವರೆಗೆ ಎಳೆ ಹಿಡಿದಿಡಬಲ್ಲೆ. ಟೋಕಿಯೊ ಮಾತಿನಲ್ಲಿ ‘ಹಶಿ’ ಎಂಬುದರ ಮೊದಲ ಅಕ್ಷರ ಎತ್ತರವಾದರೆ ಊಟದ ಕಡ್ಡಿ, ಎರಡನೆಯದು ಎತ್ತರವಾದರೆ ಸೇತುವೆ ಎಂಬುದನ್ನು ಓದಿದ್ದೆ. ಮೊನ್ನೆ ಮೊದಲ ಬಾರಿ ಅದು ಕೇಳಿಸಿತು. ಸೇತುವೆಯೇ ಇರಬೇಕೆಂದು ಪುಸ್ತಕ ತೆರೆದು ನೋಡಿದೆ, ಸೇತುವೆಯೇ ಆಗಿತ್ತು.

ಏಳುತಂತಿ

ಆ ಷಡ್ಜವನ್ನು ಹಾಳೆಯ ಮೇಲೆ ಹೇಗೆ ಗುರುತು ಮಾಡಿದಿರಿ?

ಕಮಾನು

ಧೈವತದ ತಲೆಯ ಮೇಲೆ, ಪೆನ್ಸಿಲ್‌ನಲ್ಲಿ, ಚಿಕ್ಕದಾಗಿ ಒಂದು ‘ಸ’.

ಏಳುತಂತಿ

ಪೆನ್ಸಿಲ್‌ನಲ್ಲೇ ಇರಲಿ. ಮುಂದಿನ ಪಾಠದಲ್ಲಿ ನಿಮ್ಮ ಗುರುಗಳು ಅದೇ ಜಾಗವನ್ನು ನುಡಿಸುವಾಗ ಅವರ ಬೆರಳು ಷಡ್ಜದವರೆಗೆ ಪೂರ್ತಿ ಹೋಗುತ್ತದೆಯೋ ಅದಕ್ಕೂ ಸ್ವಲ್ಪ ಮೊದಲೇ ತಿರುಗುತ್ತದೆಯೋ ಎಂಬುದನ್ನು ಗಮನಿಸಿ ಇಲ್ಲಿ ಬರೆಯಿರಿ.